ಫೋನನ್ನು ಅಡ್ಡ ಹಿಡಿ, ಅಮ್ಮ

ಚಂದ್ರಾ ಲೇಔಟ್
11 ಜೂನ್ 2025, ಬೆಳಗಿನ ಜಾವ

ಅಮ್ಮ,

ನಾಲ್ಕೂ ಹತ್ತಕ್ಕೆ ಎಚ್ಚರವಾಯಿತು. ಟುಣ್, ಟುಣ್, ಟುಣ್. ವಿಡಿಯೋ ಕರೆ ಮುಗಿದಾಗ ನಮ್ಮ ಆಫೀಸಿನ ಆ್ಯಪ್ ಮಾಡುವ ಸದ್ದು. ದಿಂಬಿನ ಕೆಳಗಿಂದ ಫೋನ್ ತೆಗೆದು ನೋಡಿದರೆ ಯಾರ ಕರೆಯೂ ಬಂದಿಲ್ಲ, ಹೋಗಿಲ್ಲ. ಕನಸಿನಲ್ಲಿ ಕೇಳಿಸಿದ್ದು. ಗುಂಡ ನನ್ನ ಕೂದಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮಲಗಿದ್ದ. ಬಿಡಿಸಿಕೊಂಡು ಅಡುಗೆಮನೆಗೆ ಬಂದು ಕೂತಿದ್ದೇನೆ.

ಎಷ್ಟು ವರ್ಷವಾಯಿತು ನಿನಗೆ ಕಾಗದ ಬರೆದು! ತುಮಕೂರಿನ ಹಾಸ್ಟೆಲಿನಲ್ಲಿ ಎಲ್ಲರೂ ಅಮ್ಮನಿಗೆ ಫೋನ್ ಮಾಡುವಾಗ ನಾನೊಬ್ಬಳೇ ವಾರಕ್ಕೊಂದು ಇನ್‌ಲ್ಯಾಂಡ್ ಲೆಟರ್ ಹಾಕುತ್ತಿದ್ದೆ. ಹುಡುಗಿಯರು ನಗುತ್ತಿದ್ದರು. ನಮ್ಮಮ್ಮನಿಗೆ ಹನ್ನೆರಡನೇ ವಯಸ್ಸಿನ ಜ್ವರದಲ್ಲಿ ಕಿವಿ ಹೋಯಿತು, ಅಕ್ಷರ ಹೋಗಲಿಲ್ಲ ಅಂತ ಜಂಬದಿಂದ ಹೇಳುತ್ತಿದ್ದೆ. ಈಗ ಅದೇ ಕಾಗದಕ್ಕೆ ಮರಳುವ ಹಾಗಾಯಿತು. ನಿನ್ನ ಮೊಬೈಲಿಗೆ ಕಳಿಸಿದ ಮೆಸೇಜನ್ನು ನೀನು ಓದುವುದೂ ಇಲ್ಲವಲ್ಲ.

ನಿನ್ನೆ ಮೂರನೇ ಸಲ ನೀನು ಕರೆ ಕಟ್ ಮಾಡಿದೆ. ಮೂರು ಸಲವೂ ಹೀಗೆಯೇ. ನಿನ್ನ ಮುಖ ಬರುತ್ತದೆ, ಗುಂಡನನ್ನು ತೊಡೆಗೇರಿಸಿಕೊಂಡು "ನೋಡೋ, ಕೆಂಗೇರಿ ಅಜ್ಜಿ" ಅನ್ನುತ್ತೇನೆ, ಅಷ್ಟರಲ್ಲಿ ಪರದೆ ಕಪ್ಪು. ಅವನು ಆ ಕಪ್ಪನ್ನು ನೆಕ್ಕಿ ನೋಡುತ್ತಾನೆ.

ಯುಗಾದಿಯ ಮಾರನೇ ದಿನ ನಾನು ಅಂದ ಮಾತಿನ ಸಿಟ್ಟು ನಿನಗಿದೆ, ಗೊತ್ತು. "ಸ್ವಲ್ಪ ದಿನ ಅವನ ಮುಂದೆ ಕೈ ಆಡಿಸಬೇಡಮ್ಮ." ಅಂದೆ, ಇಲ್ಲ ಅನ್ನುವುದಿಲ್ಲ. ಮಗುವಿಗೆ ವರ್ಷ ತುಂಬುತ್ತ ಬಂದರೂ ಒಂದು ಮಾತಿರಲಿಲ್ಲ. ಈಗ ಹದಿನಾಲ್ಕು ತಿಂಗಳು, ಈಗಲೂ ಇಲ್ಲ. ಅತ್ತೆ ದಿನಾ ಹೇಳುತ್ತಾರೆ, "ಆಯಮ್ಮ ಬಂದಾಗೆಲ್ಲ ಬರೀ ಕೈಯಲ್ಲೇ ಮಾತು. ಮಗ ಬಾಯಿ ಯಾಕ್ ಬಿಟ್ಟಾನು?" ದಿನಾ ಕೇಳಿದರೆ ಹೆದರಿಕೆಯಾಗುವುದಿಲ್ಲವೇ? ಹೆದರಿದವಳ ಮಾತು ಅದು. ತಾಯಿಯಾದವಳು ಹೆದರಬಾರದೆಂದು ಎಲ್ಲಿ ಬರೆದಿದೆ? ಅಷ್ಟಕ್ಕೆ ಗುರುವಾರ ಗುರುವಾರ ಅಂಗಡಿ ಮುಚ್ಚಿ ಮೆಟ್ರೋ ಹತ್ತಿ ಬರುತ್ತಿದ್ದವಳು ಬರುವುದನ್ನೇ ನಿಲ್ಲಿಸಿದೆ. ಅದಾದರೂ ಸರಿ. ಮುಖದ ಮೇಲೆ ಕಟ್ ಮಾಡುವುದು ಯಾವ ನ್ಯಾಯ?

ಉತ್ತರ ಬರೆ. ಬೈದಾದರೂ ಬರೆ.

ನಿದ್ದೆಗೆಟ್ಟ ನಿನ್ನ ಮಗಳು
ನಿಖಿತಾ


ಕೆಂಗೇರಿ ಉಪನಗರ
18 ಜೂನ್ 2025

ನಿಖಿತಾ,

ಕಾಗದ ಸೇರಿತು. ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿಗೆ ಅಂಚೆಯವರು ಐದು ದಿನ ತೆಗೆದುಕೊಂಡರು.

ನಾನು ಕಟ್ ಮಾಡಿದೆನೇ? ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿಕೋ. ಫೋನನ್ನು ನೆಟ್ಟಗೆ ಹಿಡಿದರೆ ಅದರಲ್ಲಿ ನನ್ನ ಮುಖ, ಕುತ್ತಿಗೆ, ಸರದ ಮೇಲ್ತುದಿ ಬರುತ್ತದೆ. ಕೈ ಬರುವುದಿಲ್ಲ. ಒಂದು ಕೈಯಲ್ಲಿ ಫೋನ್ ಹಿಡಿದು ಇನ್ನೊಂದರಲ್ಲಿ ಮಾತಾಡು ಅಂದರೆ ಅರ್ಧ ಬಾಯಿ ಮುಚ್ಚಿಕೊಂಡು ಮಾತಾಡು ಅಂದ ಹಾಗೆ. ಅದಕ್ಕೆ ಕರೆ ಎತ್ತಿ, ನಿನ್ನ ಮುಖ ಕಂಡ ಮೇಲೆ, ಫೋನನ್ನು ಮೆಷಿನ್ನಿನ ಮೇಲೆ ದಾರದ ಡಬ್ಬಕ್ಕೆ ಒರಗಿಸಿ ಅಡ್ಡ ಇಡುತ್ತೇನೆ. ಅಡ್ಡ ಇಟ್ಟರೆ ಎರಡು ಕೈಗೂ ಜಾಗ ಸಿಗುತ್ತದೆ. ಇಟ್ಟು ಕೈ ಎತ್ತಿದೆ. ನೀನು ಇಲ್ಲ. ಮೂರು ಸಲವೂ ಕೈ ಎತ್ತುವ ಹೊತ್ತಿಗೆ ಸರಿಯಾಗಿ ನೀನು ಇಲ್ಲ.

ಕೈ ಆಡಿಸಬೇಡ ಅಂದವಳು ಕೈ ಕಂಡ ಕೂಡಲೇ ಮುಚ್ಚಿದಳು ಅಂದುಕೊಂಡೆ. ಹಾಗೆ ಅಂದುಕೊಳ್ಳಲು ನನಗೆ ಕಷ್ಟವೇನೂ ಆಗಲಿಲ್ಲ. 

ಇನ್ನು ಮೇಲೆ ಕರೆ ಮಾಡಬೇಡ. ಬರಲೂ ಬೇಡ. ಚಪ್ಪಲಿ ಬಿಟ್ಟ ಹಾಗೆ ಕೈಯನ್ನು ಹೊಸಿಲಾಚೆ ಬಿಟ್ಟು ಬರುವುದು ನನ್ನಿಂದ ಆಗುವುದಿಲ್ಲ. ನಿನಗೆ ಒಂಬತ್ತು ತಿಂಗಳಿಗೆ ಹಾಲು ಬೇಕೆಂದು ಕೈಯಲ್ಲಿ ಕೇಳಲು ಬಂತು. ಒಂದೂವರೆ ವರ್ಷಕ್ಕೆ ಬಾಯಿ ಬಂತು. ಬಂದದ್ದು ನಿಲ್ಲಲೇ ಇಲ್ಲ. ನಿಮ್ಮಪ್ಪ ಇದ್ದಾಗ ಒಂದು ದಿನ ಕೈಯಲ್ಲೇ ಹೇಳಿದರು, "ಇವಳ ಬಾಯಿ ನಿನಗೆ ಕೇಳ್ಸದೇ ಇರೋದೇ ಪುಣ್ಯ ಕಣೇ."

ಆ ಬಾಯಿಯೇ ಈಗ ನನಗೆ ಹೇಳಿದ್ದು. ಕೈ ಎತ್ತದೆ ಹೇಳಿದೆ, ತುಟಿ ನೋಡಿ ತಿಳಿದುಕೊಂಡೆ.

ಕಮಲಾಕ್ಷಮ್ಮ, ಟೈಲರ್


ಚಂದ್ರಾ ಲೇಔಟ್
24 ಜೂನ್ 2025

ಅಮ್ಮ,

ನೀನು ಕಟ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಮಾಡಿದ್ದು ನಾನು ಬರೆದ ಪ್ರೋಗ್ರಾಂ.

ನಿನ್ನ ಕಾಗದ ಓದಿದ ಮರುಕ್ಷಣ ಜೀವನ್ ಫೋನಿಗೆ ನನ್ನ ಫೋನಿನಿಂದ ಕರೆ ಮಾಡಿದೆ. ಅವನ ಫೋನನ್ನು ಅಡ್ಡ ತಿರುಗಿಸಿದೆ. ಟುಣ್, ಟುಣ್, ಟುಣ್. ಮತ್ತೆ ಮಾಡಿದೆ, ತಿರುಗಿಸಿದೆ, ಟುಣ್ ಟುಣ್ ಟುಣ್. ಹತ್ತು ಸಲ. ನಿನ್ನ ಅಳಿಯ ಹಲ್ಲುಜ್ಜುತ್ತ ಬಂದು ನಿಂತ. "ಏನೇ ಇದು, ಬೆಳಿಗ್ಗೆ ಬೆಳಿಗ್ಗೆ ಬಿಎಂಟಿಸಿ ಸ್ಟೀರಿಂಗ್ ತಿರುಗಿಸ್ತಾ ಇದೀಯಾ?" ಅಂದ. ನಾನು ಅಳುತ್ತಿರುವುದು ಕಂಡು ಬಾಯಿ ತೊಳೆಯುವುದನ್ನೂ ಮರೆತು ಪಕ್ಕದಲ್ಲಿ ಕೂತ.

ನಿನಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಫೋನನ್ನು ತಿರುಗಿಸಿದ ಕೂಡಲೇ ಅದು ಇದ್ದ ಪರದೆಯನ್ನು ಕೆಡವಿ, ಅಡ್ಡ ಅಳತೆಗೆ ಹೊಸದೊಂದನ್ನು ಕಟ್ಟುತ್ತದೆ. ಕಣ್ಣಿಗೆ ಗೊತ್ತಾಗದಷ್ಟು ಬೇಗ. ನಾನು ಕರೆಯನ್ನು ಆ ಪರದೆಗೇ ಕಟ್ಟಿಹಾಕಿದ್ದೆ. ಪರದೆ ಬಿದ್ದಾಗ ಕರೆಯೂ ಬಿತ್ತು. ಅಷ್ಟೇ ನಡೆದದ್ದು.

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ನಮ್ಮ ಆ್ಯಪು ಡಾಕ್ಟರು ಮನೆಯಲ್ಲಿರುವ ರೋಗಿಯನ್ನು ವಿಡಿಯೋದಲ್ಲಿ ನೋಡುವುದಕ್ಕೆ ಮಾಡಿದ್ದು. ಗುಂಡ ಹುಟ್ಟುವ ಮುಂಚೆ ಅದನ್ನು ಪರೀಕ್ಷೆ ಮಾಡುವ ಸ್ಪಂದನ ಈ ತೊಂದರೆಯನ್ನು ಹಿಡಿದು ನನಗೆ ಕಳಿಸಿದ್ದಳು. ಹೆರಿಗೆ ರಜೆಗೆ ಹೋಗುವ ಆತುರದಲ್ಲಿ ನಾನು ಅದರ ಕೆಳಗೆ ಏನು ಬರೆದಿದ್ದೆ ಗೊತ್ತಾ? ಇವತ್ತು ಹುಡುಕಿ ಓದಿದೆ. "ಕರೆಯ ನಡುವೆ ಫೋನ್ ತಿರುಗಿಸುವವರು ಯಾರಿದ್ದಾರೆ? ಆಮೇಲೆ ನೋಡೋಣ." ಕೆಳಗೆ ನನ್ನ ಹೆಸರು.

ಯಾರಿದ್ದಾರೆ ಅಂತ ಕೇಳಿದವಳು ನಿನ್ನ ಮಗಳು, ಅಮ್ಮ. ಆಗ ನೀನು ಪ್ರತಿ ಗುರುವಾರ ಎದುರಿಗೇ ಕೂತಿರುತ್ತಿದ್ದೆ. ಮನೆಯವರ ಫೋನಿಗೆಲ್ಲ ಹಾಕಿಸಿ ಅಂತ ಆಫೀಸಿನಲ್ಲಿ ಹೇಳಿದರೆಂದು ನಿನ್ನ ಫೋನಿಗೂ ಹಾಕಿದ್ದೆ, ಒಂದು ದಿನವೂ ಬಳಸಿರಲಿಲ್ಲ. ನಿನ್ನನ್ನು ಫೋನಿನಲ್ಲಿ ನೋಡಬೇಕಾದ ದಿನ ಬರುತ್ತದೆಂದು ನಾನೆಣಿಸಿರಲಿಲ್ಲ.

ಸದ್ಯಕ್ಕೆ ಒಂದು ಉಪಾಯವಿದೆ. ಕರೆ ಬಂದಾಗ ಫೋನನ್ನು ಮೊದಲೇ ಅಡ್ಡ ಇಟ್ಟು ಆಮೇಲೆ ಎತ್ತು. ನಡುವೆ ಅಲುಗಾಡಿಸಬೇಡ. ಹಾಗಾದರೆ ನಿಲ್ಲುತ್ತದೆ.

ನಿಖಿತಾ


ಕೆಂಗೇರಿ ಉಪನಗರ
5 ಜುಲೈ 2025

ನಿಖಿತಾ,

ಮೊದಲೇ ಅಡ್ಡ ಇಡಬೇಕು, ಅಲುಗಾಡಬಾರದು. ಕೈ ಆಡಿಸಬಾರದು. ನಿನ್ನ ಮನೆಯಲ್ಲೂ ನಿನ್ನ ಫೋನಿನಲ್ಲೂ ನನಗೆ ಇರುವುದು ಒಂದೇ ನಿಯಮ ಅಂತಾಯಿತು.

ಬ್ಲೌಸು ಮೈಗೆ ಹೊಂದಬೇಕು. ಬ್ಲೌಸಿಗೆ ಹೊಂದುವ ಹಾಗೆ ಮೈ ಮಾಡಿಕೊಂಡು ಬನ್ನಿ ಅಂತ ಗಿರಾಕಿಗೆ ಹೇಳಿದರೆ ನಾಳೆಯಿಂದ ಅಂಗಡಿಗೆ ಬೀಗ. ನಿಮ್ಮ ಆಫೀಸಿನಲ್ಲಿ ಹಾಗೆ ಹೇಳಿಯೂ ಸಂಬಳ ಕೊಡುತ್ತಾರಾ?

ನೀನು ಬರೆದ ಪರದೆಯ ವಿಷಯ ನನಗೆ ಅರ್ಥವಾಯಿತು. ಅರ್ಥವಾಗದ್ದು ಬೇರೆ. ದಿಂಬಿನ ಚೀಲ ಹೊಲಿಯುವಾಗ ಮೂಲೆ ಬರುತ್ತದೆ. ನೀನು ಎಂಟನೇ ಕ್ಲಾಸಿನಲ್ಲಿ ಕಲಿಯಲು ಕೂತಾಗ ಮೂಲೆ ಬಂದ ಕೂಡಲೇ ದಾರ ಕತ್ತರಿಸಿ, ಬಟ್ಟೆ ಹೊರಗೆ ತೆಗೆದು, ತಿರುಗಿಸಿ, ಮತ್ತೆ ಹೊಸದಾಗಿ ಶುರು ಮಾಡುತ್ತಿದ್ದೆ. ತಲೆಗೆ ಮೊಟಕಿ ಹೇಳಿಕೊಟ್ಟೆ. ಸೂಜಿ ಬಟ್ಟೆಯೊಳಗೆ ಇಳಿದೇ ಇರಲಿ. ಒತ್ತಿ ಹಿಡಿಯುವ ಪಾದವನ್ನಷ್ಟೇ ಎತ್ತು. ಬಟ್ಟೆಯನ್ನು ಎತ್ತ ಬೇಕೋ ಅತ್ತ ತಿರುಗಿಸು. ಪಾದ ಇಳಿಸಿ ಹೊಲಿ. ದಾರ ಒಂದೇ, ಹೊಲಿಗೆ ಒಂದೇ. ಮರೆತೆಯಾ? ಮೂಲೆ ಬಂದಾಗ ದಾರ ಕತ್ತರಿಸುವವರನ್ನು ನಾನು ಅಂಗಡಿಯಲ್ಲಿ ಇಟ್ಟುಕೊಳ್ಳುವುದಿಲ್ಲ.

ಯಂತ್ರದ ತಪ್ಪನ್ನು ನೀನು ತಿದ್ದುತ್ತೀಯ, ಓದಿದವಳು. ಯುಗಾದಿಯ ಮಾರನೇ ದಿನ ನಿನ್ನ ಬಾಯಿಂದ ಬಂದದ್ದು ಯಾವ ಪ್ರೋಗ್ರಾಂ? ಅದನ್ನು ಬರೆದವರು ಯಾರು?

ಇದಕ್ಕೆ ಉತ್ತರ ಸಿಕ್ಕಾಗ ಕಾಗದ ಹಾಕು.

ಕಮಲಾಕ್ಷಮ್ಮ


ಚಂದ್ರಾ ಲೇಔಟ್
10 ಆಗಸ್ಟ್ 2025

ಅಮ್ಮ,

ತಿಂಗಳ ಮೇಲಾಯಿತು. ಉತ್ತರವನ್ನು ಹುಡುಕಲು ಅಷ್ಟು ದಿನ ಬೇಕಿರಲಿಲ್ಲ, ಒಪ್ಪಿಕೊಳ್ಳಲು ಬೇಕಾಯಿತು. ಅತ್ತೆ ಹೇಳಿಕೊಟ್ಟದ್ದಲ್ಲ. ಅವರು ಅಂದದ್ದನ್ನು ತಡೆಯದೆ ನಿನ್ನವರೆಗೆ ಹೊತ್ತು ತಂದವಳು ನಾನು. ನನ್ನದೇ.

ಕ್ಷಮಿಸು ಎಂದು ಇಲ್ಲಿ ಬರೆಯುವುದಿಲ್ಲ. ಚಿಕ್ಕವಳಿದ್ದಾಗ ತಪ್ಪು ಮಾಡಿದರೆ ನಿನ್ನೆದುರು ಎರಡೂ ಕೈಯಲ್ಲಿ ಎರಡೂ ಕಿವಿ ಹಿಡಿದು ನಿಲ್ಲುತ್ತಿದ್ದೆ. ಅದಕ್ಕೆ ಎರಡೂ ಕೈ ಬೇಕು, ನೀನು ಅದನ್ನು ನೋಡಬೇಕು. ಅಲ್ಲಿಯವರೆಗೆ ಅದು ನನ್ನ ಬಳಿಯೇ ಇರಲಿ.

ಗುಂಡನ ಕಿವಿ ಪರೀಕ್ಷೆ ಮಾಡಿಸಿದೆ. ಚೆನ್ನಾಗಿ ಕೇಳುತ್ತದೆ. ಡಾಕ್ಟರನ್ನು ಅತ್ತೆಯ ಎದುರಿಗೇ ಕೇಳಿದೆ. "ಕೈಯಲ್ಲಿ ಮಾತಾಡಿಸಿದ್ರೆ ಬಾಯಿಮಾತು ತಡ ಆಗಲ್ಲಮ್ಮ. ಮಗು ಜೊತೆ ಮಾತಾಡೋದು ಮುಖ್ಯ, ಕೈಯಲ್ಲಾದ್ರೂ ಸರಿ, ಬಾಯಲ್ಲಾದ್ರೂ ಸರಿ" ಅಂದರು. ಮನೆ ಬಾಗಿಲಲ್ಲಿ ನಾನೇ ಹೇಳಿದೆ.

"ಇವತ್ತಿಂದ ಅವನ ಹತ್ರ ನಾನೇ ಕೈಯಲ್ಲಿ ಮಾತಾಡ್ತೀನಿ ಅತ್ತೆ. ಯಾರೂ ಬೇಡ ಅನ್ನಬಾರದು."

"ನಿನ್ ಮಗ, ನಿನ್ನಿಷ್ಟ ಕಣವ್ವ. ನಾಳೆ ಯಾರಾದ್ರೂ ಮೂಗ ಅಂದ್ರೆ ನನ್ ಕೇಳ್ಬೇಡ."

"ಅಂದೋರಿಗೆ ನಮ್ಮಮ್ಮನ ವಿಳಾಸ ಕೊಡ್ತೀನಿ."

ಜೀವನ್ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿದವನು ಐದು ನಿಮಿಷ ಮೇಲೇಳಲಿಲ್ಲ.

ಆಫೀಸಿನದು ಇನ್ನೊಂದು ಕಥೆ. ನಮ್ಮ ಮ್ಯಾನೇಜರ್ ಗೋಪೀನಾಥ ಕೆಟ್ಟವರಲ್ಲ, ಆತುರದವರು.

"ನಿಖಿತಾ, ಸ್ಕ್ರೀನ್ ತಿರುಗದ ಹಾಗೆ ಲಾಕ್ ಮಾಡ್ಬಿಡಿ. ಒಂದ್ ಲೈನ್ ಕೆಲ್ಸ. ಕರೆನೂ ಬೀಳಲ್ಲ, ಕಂಪ್ಲೇಂಟೂ ಬರಲ್ಲ."

"ನೆಟ್ಟಗೇ ಲಾಕ್ ಆದ್ರೆ ಕೈ ಕಾಣಲ್ಲ ಸಾರ್."

"ಡಾಕ್ಟರಿಗೆ ಕೈ ಯಾಕ್ರೀ? ಮುಖ ನೋಡ್ತಾರೆ, ನಾಲಿಗೆ ನೋಡ್ತಾರೆ, ಮಾತ್ರೆ ಬರೀತಾರೆ."

"ಕೈಯಲ್ಲಿ ಮಾತಾಡೋರು ಎಲ್ಲಿ ನೋವು ಅಂತ ನಾಲಿಗೆ ಚಾಚಿ ಹೇಳ್ಬೇಕಾ ಸಾರ್?"

"ಅಂಥೋರು ನೂರಕ್ಕೆ ಒಬ್ರು ಇರ್ಬಹುದಪ್ಪ."

"ಆ ಒಬ್ರು ನಮ್ಮಮ್ಮ."

ಸ್ಪಂದನ ಟೇಬಲ್ಲಿನ ಕೆಳಗೆ ನನ್ನ ಕಾಲು ತುಳಿದಳು, ಬಿಡಬೇಡ ಅಂತ. ನಾನು ಬೋರ್ಡಿನ ಮೇಲೆ ದಿಂಬಿನ ಚೀಲ ಬರೆದೆ ಅಮ್ಮ. ನಿಜವಾಗಲೂ. ಮೂಲೆ, ಸೂಜಿ, ಪಾದ. ಕರೆ ಅನ್ನುವುದು ಸೂಜಿ, ಅದು ಪರದೆಯಲ್ಲಿ ಇರಬಾರದು, ಪರದೆಯ ಹಿಂದೆ ತನ್ನದೇ ಜಾಗದಲ್ಲಿ ಇಳಿದೇ ಇರಬೇಕು, ಪರದೆ ಬಟ್ಟೆಯ ಹಾಗೆ ಎತ್ತ ಬೇಕಾದರೂ ತಿರುಗಲಿ ಅಂದೆ. ಗೋಪೀನಾಥ ಸಾರ್ ಕನ್ನಡಕ ತೆಗೆದು ಒರೆಸಿಕೊಂಡರು.

"ಸೆಪ್ಟೆಂಬರ್ ಹತ್ತೊಂಬತ್ತು ಬೆಳಿಗ್ಗೆ ಹತ್ತಕ್ಕೆ ಹೊಸ ಆ್ಯಪ್ ಹೊರಗೆ ಹೋಗುತ್ತೆ. ಅಷ್ಟರೊಳಗೆ ಮಾಡಿ. ಆಫೀಸಲ್ಲಿ ನೀವೂ ಸ್ಪಂದನಾನೂ ಎದುರುಬದುರು ಕೂತು ಮಾಡಿದ್ದು ಸಾಲಲ್ಲ. ನಿಜವಾಗಿ ಕೈಯಲ್ಲಿ ಮಾತಾಡೋರು, ಅವರ ಮನೆಯಿಂದ, ಅವರ ಫೋನಲ್ಲಿ ಮಾಡಿ ತೋರಿಸ್ಬೇಕು. ಇಲ್ಲಾಂದ್ರೆ ಲಾಕ್. ಆಮೇಲೆ ನನ್ನ ಹತ್ರ ಬಂದು ಅಳಬಾರದು."

"ಅಳಲ್ಲ ಸಾರ್. ಲಾಕ್ ಆದ ದಿನ ರಾಜೀನಾಮೆ ಕೊಡ್ತೀನಿ."

ಹೇಳಿದ್ದಾಯಿತು, ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಗುಂಡನಿಂದ ಒಂದು ಮಾತೂ ಇನ್ನೂ ಬಂದಿಲ್ಲ. ಕೈಯಲ್ಲೂ ಇಲ್ಲ, ಬಾಯಲ್ಲೂ ಇಲ್ಲ. ರಾತ್ರಿ ಅವನ ಮುಖ ನೋಡುತ್ತ ಕೂತಿರುತ್ತೇನೆ.

ನಿಖಿತಾ


ಕೆಂಗೇರಿ ಉಪನಗರ
2 ಸೆಪ್ಟೆಂಬರ್ 2025

ನಿಖಿ,

ಇದರ ಜೊತೆ ಗುಂಡನಿಗೆ ಎರಡು ಜುಬ್ಬ ಇದೆ. ಹಬ್ಬದ ಹೊಲಿಗೆಯ ನಡುವೆ ಹೊಲಿದೆ. ಅಳತೆ ಗೊತ್ತಿರಲಿಲ್ಲ, ಊಹಿಸಿದೆ. ತೋಳನ್ನು ಮೊಣಕೈವರೆಗೇ ಇಟ್ಟಿದ್ದೇನೆ. ಕೈಗೆ ಅಡ್ಡ ಬರಬಾರದು.

ಬೋರ್ಡಿನ ಮೇಲೆ ದಿಂಬಿನ ಚೀಲ ಬರೆದದ್ದನ್ನು ನಾಲ್ಕು ಸಲ ಓದಿದೆ. ಮೂಲೆಯನ್ನು ಸರಿಯಾಗಿ ಬರೆದೆಯೋ ಇಲ್ಲವೋ.

ಫೋನನ್ನು ಆರಿಸಿ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ಸಿಟ್ಟಿನಿಂದಲ್ಲ. ಕೈ ಎತ್ತಿದಾಗ ಎದುರಿನವರು ಮಾಯವಾಗುವುದನ್ನು ನೀನು ಕಂಡಿಲ್ಲ. ನಾನು ಹನ್ನೆರಡನೇ ವಯಸ್ಸಿನಿಂದ ಕಂಡಿದ್ದೇನೆ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ. ನನ್ನ ದನಿ ನನಗೇ ಕೇಳದಾದಾಗ ಬಾಯಿಮಾತು ಬಿಟ್ಟು ಕೈಮಾತು ಹಿಡಿದೆ. ಜನ ಕಣ್ಣು ತಪ್ಪಿಸಿಕೊಂಡು ಹೋದರು. ನೀನೊಬ್ಬಳು ಹೋಗಿರಲಿಲ್ಲ. ನಾಲ್ಕನೇ ಸಲ ನೋಡುವ ಶಕ್ತಿ ನನಗಿಲ್ಲ.

ಹುಳಿ ತಿನ್ನಬೇಡ, ಹಾಲುಣಿಸುವವಳು. ನಿದ್ದೆ ಮಾಡು.

ಅಮ್ಮ


ಚಂದ್ರಾ ಲೇಔಟ್
18 ಸೆಪ್ಟೆಂಬರ್ 2025, ಗುರುವಾರ, ರಾತ್ರಿ ಎಂಟೂವರೆ

ಅಮ್ಮ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಜೀವನ್ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಹೆಲ್ಮೆಟ್ ಹಾಕಿಕೊಂಡು ಬಾಗಿಲಲ್ಲಿ ನಿಂತು "ಬೇಗ ಬರಿಯೇ, ನಾಯಂಡಹಳ್ಳಿ ಜಂಕ್ಷನ್ನಲ್ಲಿ ಸಿಕ್ಕಾಕೊಂಡ್ರೆ ನಾನು ನಾಳೇನೇ ತಲುಪೋದು" ಅನ್ನುತ್ತಿದ್ದಾನೆ. ಅವನು ಗಂಟೆ ಒತ್ತಿದರೆ ಅಪ್ಪ ಹಾಕಿಸಿದ ಬಲ್ಬು ನಿನ್ನ ಕೋಣೆಯಲ್ಲಿ ಮಿನುಗುತ್ತದೆ. ಹೆದರಬೇಡ, ಎಲ್ಲರೂ ಚೆನ್ನಾಗಿದ್ದೇವೆ. ಬಾಗಿಲು ತೆಗಿ.

ಕೆಲಸ ಮುಗಿಯಿತು. ಸೂಜಿಯನ್ನು ಬಟ್ಟೆಯೊಳಗೆ ಇಳಿಸಿದೆ. ಸ್ಪಂದನ ನಲವತ್ತು ಸಲ ತಿರುಗಿಸಿದಳು, ತಲೆಕೆಳಗೂ ಮಾಡಿದಳು, ಕರೆ ಬೀಳಲಿಲ್ಲ. ಇನ್ನೊಂದನ್ನೂ ಸರಿ ಮಾಡಿದೆ. ಮುಂಚೆ ಅಡ್ಡ ಚಿತ್ರವನ್ನು ನನ್ನ ನೆಟ್ಟಗಿನ ಪರದೆಗೆ ತುಂಬಿಸಲು ಎರಡೂ ಬದಿ ಕತ್ತರಿಸಿ ತೋರಿಸುತ್ತಿತ್ತು. ನೀನು ಅಡ್ಡ ಇಟ್ಟರೂ ನಿನ್ನ ಬೆರಳ ತುದಿ ನನಗೆ ಕಾಣುತ್ತಿರಲಿಲ್ಲ. ಈಗ ಕತ್ತರಿ ಹಾಕುವುದಿಲ್ಲ. ಮೇಲೆ ಕೆಳಗೆ ಕಪ್ಪು ಪಟ್ಟಿ ಬಂದರೆ ಬರಲಿ ಅಂದೆ. ಚೆಂದ ಕಾಣಲ್ಲ ಅಂದರು. ಕೈ ಕಾಣುತ್ತದಲ್ಲ ಅಂದೆ.

ಉಳಿದಿರುವುದು ಒಂದೇ. ನಾಳೆ ಬೆಳಿಗ್ಗೆ ಹತ್ತಕ್ಕೆ ಮೊದಲು ಒಂದು ನಿಜವಾದ ಕರೆ. ನಾವೇನು ಮಾತಾಡಿದೆವೆಂದು ಅವರಿಗೆ ಬೇಕಿಲ್ಲ, ಸಿಗುವುದೂ ಇಲ್ಲ. ಎಷ್ಟು ಸಲ ತಿರುಗಿತು, ಕರೆ ನಿಂತಿತೋ ಬಿತ್ತೋ, ಅಷ್ಟೇ ಗೊತ್ತಾಗುವುದು. ಆದರೆ ಅಮ್ಮ, ಗೋಪೀನಾಥರಿಗಾಗಿ ಕೇಳುತ್ತಿಲ್ಲ. ಹಾಗೆಂದು ನೀನು ತಿಳಿದರೆ ಫೋನ್ ಬೀರುವಿನಲ್ಲೇ ಇರಲಿ, ನಾನು ರಾಜೀನಾಮೆ ಕೊಟ್ಟು ಬರುತ್ತೇನೆ, ಬರೆದಿಟ್ಟಾಗಿದೆ.

ಕೇಳುತ್ತಿರುವುದು ಇದಕ್ಕೆ. ಇವತ್ತು ಗುರುವಾರ. ಸಂಜೆ ಐದರ ಹೊತ್ತಿಗೆ ಗುಂಡ ನೀನು ಹೊಲಿದ ಜುಬ್ಬ ಹಾಕಿಕೊಂಡು ನೆಲದ ಮೇಲೆ ಕೂತಿದ್ದ. ನನ್ನ ಫೋನ್ ಅವನ ಕೈಗೆ ಸಿಕ್ಕಿತ್ತು. ಆರಿದ ಫೋನು, ಕಪ್ಪು ಪರದೆ. ನೆಟ್ಟಗೆ ಹಿಡಿದು ನೋಡಿದ. ಅಡ್ಡ ತಿರುಗಿಸಿ ಗೋಡೆಗೆ ಒರಗಿಸಿದ. ಎರಡು ಸಲ ಜಾರಿತು, ಮೂರನೇ ಸಲ ನಿಂತಿತು. ಆಮೇಲೆ ಒಂದು ಕೈಯ ಎರಡು ಬೆರಳು ಸೇರಿಸಿ, ಇನ್ನೊಂದು ಕೈಯ ಬೆರಳಿನ ಹತ್ತಿರ ತಂದು, ಎಳೆದ. ಗಾಳಿಯಲ್ಲಿ ಸೂಜಿಗೆ ದಾರ ಪೋಣಿಸಿದ.

ನಿನ್ನ ಹೆಸರು. ನಾನು ಚಿಕ್ಕವಳಿದ್ದಾಗ ಸಂತೆಯಲ್ಲಿ, ಶಾಲೆಯ ಗೇಟಿನಲ್ಲಿ, ದೂರದಿಂದ ನಿನ್ನನ್ನು ಕರೆಯುತ್ತಿದ್ದ ಹೆಸರು. ನಾನು ಅವನಿಗೆ ಹಾಲು ಕಲಿಸಿದ್ದೆ, ನೀರು ಕಲಿಸಿದ್ದೆ. ಇದನ್ನು ಕಲಿಸಿರಲಿಲ್ಲ. ಕಲಿಸುವ ಮುಖ ನನಗಿರಲಿಲ್ಲ. ಯುಗಾದಿಗೂ ಮುಂಚೆ ನಿನ್ನ ತೊಡೆಯ ಮೇಲೆ ಕೂತು ಕಂಡದ್ದನ್ನು ಆರು ತಿಂಗಳು ಒಳಗಿಟ್ಟುಕೊಂಡಿದ್ದ. ಅವನ ಮೊದಲ ಮಾತು ಅದು.

ಅತ್ತೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದವರು ಮೊರ ಬದಿಗಿಟ್ಟು ಕೇಳಿದರು.

"ಅದೇನೇ ಅದು, ಏನ್ ಹೇಳ್ತಾವ್ನೆ?"

"ನಿಮ್ಮ ಬೀಗಿತ್ತೀನ ಕರೀತಾ ಇದ್ದಾನೆ ಅತ್ತೆ."

ಅವರು ಬಗ್ಗಿ ಅವನ ಬೆರಳನ್ನೇ ನೋಡಿದರು. ನಾನು ಜಗಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಕೊನೆಗೆ ತಮ್ಮನ್ನೇ ತೋರಿಸಿಕೊಂಡು, "ಚಿಕ್ಕಲಕ್ಷ್ಮಮ್ಮ ಅನ್ನಕ್ಕೆ ಕೈಯಲ್ಲಿ ಎಂಗೆ?" ಅಂದರು. ನನಗೆ ಗೊತ್ತಿಲ್ಲ, ಹೆಸರಿಡುವವರು ನಮ್ಮಮ್ಮ ಅಂದೆ. "ಹಂಗಾರೆ ಆಯಮ್ಮನ್ನೇ ಕೇಳು. ಅವ್ರಿಗೆ ಮಾತ್ರ ಹೆಸ್ರು, ನನ್ಗಿಲ್ವಾ?" ಅಂದು ಮೊರ ಎಳೆದುಕೊಂಡರು. ಅವರು ತಪ್ಪಾಯಿತು ಅನ್ನುವ ಪೈಕಿ ಅಲ್ಲ. ನಾನೂ ಕೇಳಲಿಲ್ಲ.

ಗುಂಡ ಇನ್ನೂ ಮಲಗಿಲ್ಲ. ಕಪ್ಪು ಪರದೆಯ ಮುಂದೆ ಕೂತು ದಾರ ಪೋಣಿಸುತ್ತಲೇ ಇದ್ದಾನೆ. ಪ್ರತಿ ಸಲ ಪೋಣಿಸಿ ನನ್ನ ಮುಖ ನೋಡುತ್ತಾನೆ. ಕೈ ಎತ್ತಿದಾಗ ಎದುರಿನವರು ಮಾಯವಾಗುವುದನ್ನು ನೀನು ಕಂಡಿಲ್ಲ ಅಂತ ಬರೆದಿದ್ದೆಯಲ್ಲ ಅಮ್ಮ, ಈಗ ಕಾಣುತ್ತಿದ್ದೇನೆ. ಅವನು ಅದನ್ನು ಕಲಿಯಬಾರದು. ನಾನು ಕಲಿಯಲು ಬಿಡುವುದಿಲ್ಲ.

ಸೀರೆಗಳ ಕೆಳಗಿಂದ ಫೋನ್ ತೆಗಿ. ಜೀವನ್ ಅದಕ್ಕೆ ಹೊಸದನ್ನು ಹಾಕಿಕೊಡುತ್ತಾನೆ, ಹತ್ತು ನಿಮಿಷದ ಕೆಲಸ, ಅವನು ಕಾಫಿ ಬೇಡ ಅಂದರೂ ಕೊಡು. ಅವನ ಎದುರಿಗೆ ಮಾಡಲು ಸಂಕೋಚವಾದರೆ ಅವನು ಹೊರಟ ಮೇಲೆ ಮಾಡು. ಹನ್ನೊಂದಕ್ಕಾಗಲಿ, ಎರಡಕ್ಕಾಗಲಿ, ನಾಲ್ಕೂ ಹತ್ತಕ್ಕಾಗಲಿ. ನಾನು ಹೇಗೂ ಮಲಗುವವಳಲ್ಲ. ಮೊದಲೇ ಅಡ್ಡ ಇಡಬೇಡ. ನೆಟ್ಟಗೆ ಹಿಡಿದು ಮಾಡು, ನನ್ನ ಮುಖ ಕಂಡ ಮೇಲೆ ನಿನ್ನ ಮನಸ್ಸಿಗೆ ಬಂದ ಹಾಗೆ ತಿರುಗಿಸು. ದಾರದ ಡಬ್ಬಕ್ಕೆ ಒರಗಿಸು. ಕೈ ಎತ್ತು. ನಾನು ಇರುತ್ತೇನೆ. ನನ್ನ ಫೋನನ್ನೂ ಗೋಡೆಗೆ ಒರಗಿಸಿ, ಎರಡು ಕೈಯನ್ನೂ ಖಾಲಿ ಇಟ್ಟುಕೊಂಡು ಕೂತಿರುತ್ತೇನೆ. ನನ್ನ ಕಿವಿ ಎರಡೂ ನಿನಗಾಗಿ ಕಾದಿವೆ, ಹಿಡಿದುಕೊಳ್ಳಲು.

ಮಾಡಮ್ಮ. ಬೈಯಲಾದರೂ ಮಾಡು. ಬೆಳಕು ಹರಿಯುವುದರೊಳಗೆ ಮಾಡು.

ನಿನ್ನ
ನಿಖಿ